ನೋರಾಬಾಯಿಯ ದೀರ್ಘ

ಇದ್ದಿಲಪುಡಿಗೆ ಹಸಿ ಸೊಪ್ಪಿನ ರಸ ಕಲೆಸಿ ಮರದ ಹಲಗೆಗೆ ತಿಕ್ಕಿದರೆ ಒಂದು ವಾಸನೆ ಏಳುತ್ತದೆ. ಅದು ಹಿತ್ತಲಿನ ವಾಸನೆಯೂ ಅಲ್ಲ, ಒಲೆಯ ವಾಸನೆಯೂ ಅಲ್ಲ. ಎರಡೂ ಜಗಳವಾಡಿ ಕೊನೆಗೆ ಒಂದೇ ಮನೆಯಲ್ಲಿ ಉಳಿದಂಥ ವಾಸನೆ. ಅಂಬುಬಾಯಿಗೆ ಅಕ್ಷರ ಎಂದರೆ ಮೊದಲು ಮೂಗಿಗೆ ಬರುತ್ತಿದ್ದದ್ದು ಅದು. ಕಣ್ಣಿಗೆ ಬರುತ್ತಿದ್ದದ್ದು ಆಮೇಲೆ.

ಅವಳ ತಂದೆ ಘಾಳಯ್ಯ ಮಾಸ್ತರರು ಕಲ್ಯಾಣಿಯಲ್ಲಿ, ಅಂದರೆ ಈಗ ಬಸವಕಲ್ಯಾಣ ಎನ್ನುವ ಊರಿನಲ್ಲಿ, ಮನೆಯ ಪಡಸಾಲೆಯಲ್ಲೇ ಕನ್ನಡ ಸಾಲೆ ನಡೆಸುತ್ತಿದ್ದರು. ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು, ಸರಕಾರಿ ಸಾಲೆಯಲ್ಲಿ ಉರ್ದು. ಕನ್ನಡಕ್ಕೆ ಉಳಿದದ್ದು ಮಾಸ್ತರರ ಪಡಸಾಲೆ. ಅವರು ಬಲು ಸೌಮ್ಯ ಮನುಷ್ಯ. ಲೆಕ್ಕ ತಪ್ಪಿದರೆ ನಗುತ್ತಿದ್ದರು, ಪಾಠ ಮರೆತರೆ ಮತ್ತೊಮ್ಮೆ ಹೇಳುತ್ತಿದ್ದರು. ಮಕ್ಕಳು ದೀರ್ಘ ಬಿಟ್ಟರೆ ಮಾತ್ರ ಅವರು ಊಟ ಬಿಡುತ್ತಿದ್ದರು.

ಅಂಬು ಇನ್ನೂ ಸಣ್ಣವಳಿದ್ದಾಗ ‘ನಮ್ಮ ಮನೆ ಕೇರಿಯಲ್ಲಿದೆ’ ಎಂದು ಬರೆಯಲು ಹೋಗಿ, ದೀರ್ಘ ಮರೆತು, ‘ಕೆರಿಯಲ್ಲಿದೆ’ ಎಂದು ಬರೆದಳು. ಆ ಕಡೆ ಕೆರೆಗೆ ಕೆರಿ ಎನ್ನುತ್ತಾರೆ. ಮಾಸ್ತರರು ಹಲಗೆಯನ್ನು ದೂರ ಹಿಡಿದು ನೋಡಿದರು.

“ನಮ್ಮ ಮನಿ ಕೆರ್ಯಾಗ ಅದ ಅಂತ ಬರದೀಯಲ್ಲ ತಾಯಿ. ನೀರಾಗ ಮುಳುಗಿದ ಮನ್ಯಾಗ ಒಲಿ ಹ್ಯಾಂಗ ಉರೀತದ? ಒಲಿ ಉರೀಲಿಲ್ಲ ಅಂದ್ರ ನಾ ಹ್ಯಾಂಗ ಉಣ್ಣಲಿ?”

ಒಳಗೆ ಒಲೆ ಚೆನ್ನಾಗಿಯೇ ಉರಿಯುತ್ತಿತ್ತು. ಆದರೂ ಅವರು ಅಂದು ಉಣ್ಣಲಿಲ್ಲ. ಅಂಬು ಅಳುತ್ತ ದೀರ್ಘ ಎಳೆದಳು, ಹಲಗೆಯ ಅಂಚಿನ ತನಕ ಎಳೆದಳು. ಅಷ್ಟುದ್ದದ ದೀರ್ಘಕ್ಕೂ ಆ ಹೊತ್ತಿನ ಊಟ ತಿರುಗಿ ಬರಲಿಲ್ಲ.

ದೊಡ್ಡವಳಾದ ಮೇಲೆ ಅವಳನ್ನು ಹುಲಸೂರಿಗೆ ಕೊಟ್ಟರು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ, ಗಂಡ ವಾಂತಿಭೇದಿಯಲ್ಲಿ ತೀರಿಕೊಂಡ. ಭಾವನ ಮನೆಯಲ್ಲಿ ಅವಳನ್ನು ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಹೆಸರು ಹಿಡಿದು ಕರೆಯಲಿಲ್ಲ, ಅಷ್ಟೆ. ‘ಏ’ ಎಂದರೆ ಬೀಸಬೇಕು, ‘ಇಕಿನs’ ಎಂದರೆ ಸೆಗಣಿ ಬಾಚಬೇಕು. ತಾನು ಅಂಬುಬಾಯಿ ಎಂಬುದು ಅವಳಿಗೇ ಆಗಾಗ ಮರೆಯುತ್ತಿತ್ತು.

ಅಷ್ಟರಲ್ಲಿ, ಸಾವಿರದ ಒಂಬೈನೂರ ಮೂವತ್ತೇಳರ ಸುಮಾರಿಗೆ, ಹುಮನಾಬಾದಿನಲ್ಲಿ ಒಂದು ಮಿಶನ್ನಿನವರು ಹೆಂಗಸರಿಗಾಗಿ ಸಣ್ಣ ದವಾಖಾನೆ ತೆರೆದರು. ಡಾಕ್ಟರು ಬಿಳಿಯ ಹೆಣ್ಣುಮಗಳು. ಜೊತೆಗಿರಲು ಕನ್ನಡ ಓದುಬರಹ ಬಲ್ಲ ಒಬ್ಬ ಹೆಂಗಸು ಬೇಕಿತ್ತು. ಮಾಸ್ತರರು ಹುಲಸೂರಿಗೆ ಹೋಗಿ ಬೀಗರ ಮುಂದೆ ಕೈ ಮುಗಿದು ಕೂತರು. ಭಾವ ಬಹಳ ಹೊತ್ತು ಎಲೆ ಅಡಿಕೆ ಅಗಿದು ಹೇಳಿದ: “ಆಯ್ತು ಬಿಡ್ರಿ. ದವಾಖಾನಿ ಇರೋತನಕ ಇರಲಿ. ಮುಚ್ಚಿದ ದಿನ ತಿರುಗಿ ನಮ್ಮ ಮನಿಗೇ ಬರಬೇಕು.”

ಹೀಗೆ ಅಂಬುಬಾಯಿಯ ಹೆಸರು ಉಳಿಯುವುದು ಆ ದವಾಖಾನೆ ಉಳಿಯುವುದರ ಮೇಲೆ ನಿಂತಿತು.

ಡಾಕ್ಟರಬಾಯಿಯ ಹೆಸರು ನೋರಾ. ಜನ ಅವಳನ್ನು ಇಂಗ್ರೇಜಿ ಬಾಯಿ ಎಂದರೆ ಅವಳ ಮುಖ ಕೆಂಪಾಗುತ್ತಿತ್ತು. ತಾನು ಇಂಗ್ರೇಜಿಯವಳಲ್ಲ, ಐರ್ಲೆಂಡಿನವಳು, ತನ್ನ ಊರೂ ಬೇರೆ, ಮಾತೂ ಬೇರೆ ಎಂದು ಪ್ರತಿಯೊಬ್ಬರಿಗೂ ನಿಲ್ಲಿಸಿ ಹೇಳುತ್ತಿದ್ದಳು. ಜನ ತಾಳ್ಮೆಯಿಂದ ಕೇಳಿ, “ಹೌದ್ರಿ ಇಂಗ್ರೇಜಿ ಬಾಯಿ” ಎಂದು ಮುಂದೆ ಹೋಗುತ್ತಿದ್ದರು.

ಅವಳು ಕನ್ನಡವನ್ನು ಶ್ರದ್ಧೆಯಿಂದ ಕಲಿತಿದ್ದಳು. ಶಬ್ದಗಳೆಲ್ಲ ಬರುತ್ತಿದ್ದವು. ದೀರ್ಘ ಒಂದು ಬರುತ್ತಿರಲಿಲ್ಲ. ‘ಬಾ’ ಎನ್ನಲು ‘ಬ’, ‘ಕೂಸು’ ಎನ್ನಲು ‘ಕುಸು’. ಇಷ್ಟಾದರೆ ನಡೆಯುತ್ತಿತ್ತು. ಒಂದು ದಿನ ಬಜಾರದ ಅಂಗಡಿಯವರ ಮನೆಯ ಅತ್ತೆ, ಬಸುರಿ ಸೊಸೆಯನ್ನು ಕರೆದುಕೊಂಡು ಬಂದಳು. ಹುಡುಗಿಗೆ ಹೊಟ್ಟೆ ಕೆಟ್ಟಿತ್ತು. ನೀರನ್ನು ಸೋಸಿ, ಕುದಿಸಿ ಕುಡಿಯಬೇಕೆಂದು ಹೇಳುವುದು ಡಾಕ್ಟರಬಾಯಿಯ ಮನಸ್ಸಿನಲ್ಲಿತ್ತು.

“ಮದಲ ಸೊಸಿ, ಆಮ್ಯಲ ಕುದಸ್ರಿ,” ಎಂದಳು.

ಅತ್ತೆ ಕಿವಿ ಮುಂದೆ ಮಾಡಿದಳು. “ಯಾರನ್ನರಿ? ಸೊಸಿನ್ನ?”

ತನ್ನ ಕನ್ನಡ ತಿಳಿಯಿತೆಂದು ಡಾಕ್ಟರಬಾಯಿ ಹಿಗ್ಗಿದಳು. “ಹ! ಸೊಸಿ! ದಿನ ಕುದಸ್ರಿ. ಚಂದಗಿ ಕುದಸ್ರಿ!”

ಅಂಬುಬಾಯಿ ಒಳಗಿನಿಂದ ಓಡಿ ಬರುವಷ್ಟರಲ್ಲಿ ಸೊಸೆ ಬಾಗಿಲು ದಾಟಿ ಓಣಿಯ ತಿರುವು ಮುಟ್ಟಿದ್ದಳು. ಸಂಜೆಯೊಳಗೆ ಸುದ್ದಿ ಊರು ಸುತ್ತಿತು. ಅತ್ತೆಯರಿಗೆಲ್ಲ ಡಾಕ್ಟರಬಾಯಿ ಬಹಳ ಹಿಡಿಸಿದಳು. ಇಷ್ಟು ಓದಿದವಳೂ ನಮ್ಮ ಹಾಗೆಯೇ ಯೋಚಿಸುತ್ತಾಳಲ್ಲ ಎಂದರು. ಸೊಸೆಯರು ಆ ಓಣಿಯ ದಾರಿಯನ್ನೇ ಬಿಟ್ಟರು. ಹೆರುವವರು ಸೊಸೆಯರೇ ಆದ್ದರಿಂದ ದವಾಖಾನೆ ಖಾಲಿಯಾಯಿತು.

ಮಿಶನ್ನಿನ ಸುಪರಿಂಟೆಂಡೆಂಟ್ ಸಾಹೇಬರು ನೋಡಲು ಬಂದಾಗ ಬೆಂಚಿನ ಮೇಲೆ ಪಕ್ಕದ ಮನೆಯ ಕೋಳಿಯೊಂದು ನಿದ್ದೆ ಮಾಡುತ್ತಿತ್ತು. ಅವರು ಸಜ್ಜನರು. ಕೋಳಿಯನ್ನು ಎಬ್ಬಿಸದೆ ಪಕ್ಕದಲ್ಲಿ ಕೂತು, “ದೀಪಾವಳಿ ಆದ ಮೇಲೆ ಮತ್ತೆ ಬರುತ್ತೇನೆ. ಆಗಲೂ ಹೀಗೇ ಇದ್ದರೆ ಮುಚ್ಚುವುದೇ ಮೇಲು,” ಎಂದು ಮೆಲ್ಲಗೆ ಹೇಳಿ ಹೋದರು.

ಆ ರಾತ್ರಿ ಅಂಬುಬಾಯಿಗೆ ಕನಸಿನಲ್ಲಿ ಯಾರೋ ‘ಏ’ ಎಂದು ಕರೆದಂತಾಯಿತು.

ಮರುದಿನ ಅವಳು ಡಾಕ್ಟರಬಾಯಿಯನ್ನು ನೆಲದ ಮೇಲೆ ಕೂಡಿಸಿ ಸೀಮೆಸುಣ್ಣದಿಂದ ಎರಡು ಅಕ್ಷರ ಬರೆದಳು. ಒಂದು ‘ಸೊ’, ಒಂದು ‘ಸೋ’.

“ಬಾಯಿ, ಉಸಿರು ಎಳೀರಿ. ಬಾವಿಗೆ ಕೊಡಾ ಬಿಡೂವಾಗ ಹಗ್ಗ ಹ್ಯಾಂಗ ಹೋಗ್ತದ, ಹಂಗ. ಸೋ... ಸಿ.”

“ಸೊ... ಸಿ.”

“ಕೊಡ ತಳ ಮುಟ್ಟಲಿಲ್ಲರಿ.”

ಡಾಕ್ಟರಬಾಯಿ ಎರಡನೆಯ ಅಕ್ಷರದ ಬಲಗಡೆಯ ಬಾಲವನ್ನು ಬೆರಳಿನಿಂದ ಮುಟ್ಟಿದಳು. ಇದೇನು ಎಂದು ಕೇಳಿದಳು. ಅಂಬುಬಾಯಿ ದೀರ್ಘ ಎಂದಳು. ಅದರ ಕೆಲಸವೇನು ಎಂದು ತಿಳಿಸಿ ಹೇಳಿದ ಮೇಲೆ ಅವಳು ಗಟ್ಟಿಯಾಗಿ ನಕ್ಕು, ಸೀಮೆಸುಣ್ಣ ಕಸಿದುಕೊಂಡು ಇಂಗ್ರೇಜಿ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಆಮೇಲೆ ಅದರ ಎರಡನೆಯ ಅಕ್ಷರದ ನೆತ್ತಿಯ ಮೇಲೆ ಒಂದು ಓರೆ ಗೀಟು ಎಳೆದಳು.

ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ದೀರ್ಘ ತುಂಬಿಯೇ ಬರೆಯಬೇಕು, ಇಲ್ಲದಿದ್ದರೆ ಓದುವವರು ಬಳಲುತ್ತಾರೆ.

“ಇದು ನಮ್ಮ ದೀರ್ಘ. ಫಾದಾ ಅಂತೀವಿ. ಇದು ಇದ್ದರ ನೋರಾ. ಇಲ್ಲಂದ್ರ ಅದು ನಾನಲ್ಲ. ನಮ್ಮ ಸಾಲ್ಯಾಗ ಇಂಗ್ರೇಜಿ ಮಾಸ್ತರ ಇದನ್ನ ಒರಸತಿದ್ದ, ಮಸಿ ಸಿಡದದ ಅಂತಿದ್ದ. ಹಡಗದ ಗುಮಾಸ್ತ ಇದನ್ನ ಬರಿಯಾಂಗಿಲ್ಲ ಅಂದ. ನಾ ಹಡಗ ಹತ್ತಾಂಗಿಲ್ಲ ಅಂದೆ.”

“ಹತ್ತಿದ್ರೆಲ್ಲ ಮತ್ತ?”

“ಅವನ ಕೈಯಿಂದ ಬರಿಸಿ ಹತ್ತಿದೆ.”

ಆ ಗೀಟು ಬಿಟ್ಟರೆ ತಮ್ಮ ಮಾತಿನಲ್ಲಿ ಹುಲ್ಲು ಎಂಬುದು ಗಂಡಸು ಎಂದಾಗುತ್ತದೆ ಎಂದೂ ಅವಳು ಹೇಳಿದಳು. ಆಕಳು ಹುಲ್ಲು ಮೇಯಿತು ಎಂದು ಬರೆಯಲು ಹೋದರೆ ಆಕಳು ಗಂಡಸನ್ನು ಮೇಯುತ್ತದೆ. ಅಂಬುಬಾಯಿಗೆ ಇದು ಬಹಳ ಇಷ್ಟವಾಯಿತು. ಹುಲಸೂರಿನ ಭಾವನಿಗೆ ಎಂಥ ಆಕಳು ಸರಿಹೋದೀತು ಎಂದು ಕ್ಷಣಹೊತ್ತು ಯೋಚಿಸಿದಳು ಕೂಡ. ಫಾದಾ ಎಂದರೆ ಉದ್ದ ಎಂದು ಅರ್ಥ. ಆದರೆ ಆ ಶಬ್ದದ ಮೇಲೆಯೇ ಗೀಟಿಲ್ಲ ಎಂದು ಡಾಕ್ಟರಬಾಯಿ ಬರೆದು ತೋರಿಸಿದಳು.

“ಪಾಪ,” ಎಂದಳು ಅಂಬುಬಾಯಿ. “ಊರಿಗೆಲ್ಲ ಹಂಚಿ ತನಗ ಇಟ್ಕೊಂಡಿಲ್ಲ. ನಮ್ಮ ದೀರ್ಘ ಜಾಣ ಅದ ನೋಡ್ರಿ, ತನ್ನದು ತಾ ಮದಲ ತಗೊಂಡದ.”

ತನ್ನ ಹೆಸರಿನ ಒಂದು ಗೀಟಿಗಾಗಿ ಹಡಗನ್ನೇ ತಡೆದವಳು, ಒಂದು ಸೀಮೆಯ ಜನರ ಮಾತಿನ ದೀರ್ಘಗಳನ್ನೆಲ್ಲ ದಿನವೂ ನುಂಗುತ್ತಿದ್ದಾಳಲ್ಲ ಎಂದು ಅಂಬುಬಾಯಿಗೆ ಹೊಳೆಯಿತು. ಡಾಕ್ಟರಬಾಯಿಗೂ ಅದೇ ಹೊತ್ತಿಗೆ ಹೊಳೆದಿರಬೇಕು. ಕಿವಿಯ ತನಕ ಕೆಂಪಾದಳು. ಅಂಬುಬಾಯಿ ಅವಳಿಗೆ ಮುಖ ತಿರುಗಿಸಿಕೊಳ್ಳಲು ಪುರಸೊತ್ತು ಕೊಡಲೆಂದು ಎದ್ದು ಹೋಗಿ ಸುಮ್ಮನೆ ಕಿಟಕಿ ಒರೆಸಿದಳು.

ಬಾಗಿಲಿಗೆ ಒಂದು ಬೋರ್ಡು ಹಾಕುವುದೆಂದು ಅಂದೇ ನಿಶ್ಚಯವಾಯಿತು. ಬಾಯಿ ಎಂದು ಬರೆದರೆ ಒಳಗಿರುವವಳು ಹೆಂಗಸು, ಕುದಿಸುವ ರಾಕ್ಷಸಿಯಲ್ಲ ಎಂದು ಜನಕ್ಕೆ ಗೊತ್ತಾದೀತು. ಮೇಲೆ ಇಂಗ್ರೇಜಿ, ನಡುವೆ ಉರ್ದು, ಕೆಳಗೆ ಕನ್ನಡ. ಅಂಬುಬಾಯಿ ಹಲಗೆಯ ಮೇಲೆ ಇದ್ದಿಲಿನಿಂದ ‘ನೋರಾಬಾಯಿ ದವಾಖಾನಿ’ ಎಂದು ಬರೆದಿಟ್ಟಳು. ಅದರ ಮೇಲೆ ಬಣ್ಣ ತುಂಬಲು ಬೋರ್ಡು ಬರೆಯುವ ಅಲ್ಲಾಬಕ್ಷ ಬರಬೇಕಿತ್ತು. ಅವನಿಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಉಳಿದ ಭಾಷೆಗಳನ್ನು ಅವನು ಹೂಬಳ್ಳಿ ತೆಗೆದಷ್ಟೇ ಪ್ರೀತಿಯಿಂದ ತೆಗೆಯುತ್ತಿದ್ದ.

ಅಷ್ಟರಲ್ಲಿ ಕಲ್ಯಾಣಿಯಿಂದ ತಂದೆಗೆ ಜ್ವರ ಎಂದು ಸುದ್ದಿ ಬಂತು. ಅಂಬುಬಾಯಿ ಮೋಟಾರು ಹತ್ತಿದಳು. ಜ್ವರ ಇಳಿಯುವ ತನಕ ಇದ್ದು, ಗಂಜಿ ಕುಡಿಸಿ, ಬೋರ್ಡಿನ ಸುದ್ದಿ ಹೇಳಿದಳು. ಮಾಸ್ತರರು ಹಾಸಿಗೆಯಲ್ಲೇ ಕಣ್ಣು ತೆರೆದರು. “ಹುಮನಾಬಾದದಾಗ ಕನ್ನಡ ಬೋರ್ಡ? ದೀರ್ಘ ಹಾಕೀಯಿಲ್ಲ?”

“ಹಾಕೀನ್ರಿ ಅಪ್ಪ.”

“ಹಂಗಾರ ನಾ ಒಂದಿನ ಬಂದು ಓದ್ತೀನಿ,” ಎಂದು ಅವರು ಆ ಪಥ್ಯದ ಗಂಜಿಯನ್ನು ಇನ್ನೊಂದು ಬಟ್ಟಲು ಕೇಳಿ ಕುಡಿದರು.

ಅವಳು ಹುಮನಾಬಾದಿಗೆ ತಿರುಗಿ ಬಂದಾಗ ದವಾಖಾನೆಯ ಅಂಗಳದಲ್ಲಿ ಒಂದು ಬಂಡಿ ನಿಂತಿತ್ತು. ಬಂಡಿಯ ಹಿಂದೆ ಒಂದು ಬೇನೆಬಿದ್ದ ಎತ್ತನ್ನು ಕಟ್ಟಿದ್ದರು. ಅದರ ಬಾಯಿಂದ ಬಿಳಿ ನೊರೆ ದಾರದ ಹಾಗೆ ಇಳಿಯುತ್ತಿತ್ತು. ಹುಡಗಿ ಎಂಬ ಹಳ್ಳಿಯ ಬಂಡೆಪ್ಪ ಹೆಗಲ ಮೇಲಿನ ರುಮಾಲು ತೆಗೆದು ಅಂಬುಬಾಯಿಗೆ ಕೈ ಮುಗಿದ.

“ಯಕ್ಕಾ, ನೊರಿಬಾಯಿ ದವಾಖಾನಿ ಇದೇ ಅಲ್ಲರಿ?”

“ಇದು ಹೆಣ್ಮಕ್ಕಳ ದವಾಖಾನಿ ಅಣ್ಣಾ. ದನದ್ದಲ್ಲ.”

“ಹಂಗ ಬರದಿಲ್ಲಲ್ಲರಿ ಮತ್ತ. ನನಗ ಓದಾಕ ಬರ್ತದ. ಕಲ್ಯಾಣ್ಯಾಗ ನಮ್ಮ ಸೋದರತ್ತಿ ಮನಿ ಇತ್ತು, ಘಾಳಯ್ಯ ಮಾಸ್ತರ ಕಡೆ ಕಲ್ತೀನಿ. ಒಂದಿನ ಮಾಸ್ತರ ಊಟ ಬಿಟ್ರು, ನಾ ಸಾಲಿ ಬಿಟ್ಟೆ.” ಅವನು ಬೋರ್ಡಿಗೆ ಕೈ ತೋರಿಸಿ ಓದಿದ. “ನೊ... ರಾ... ಬಾಯಿ. ನೊರಿ ಅಂತ ಬರಿಯಾಕ ಹೋಗಿ ನೊರಾ ಅಂತ ಬರದಾರ. ಇರಲಿ ಬಿಡ್ರಿ, ಬರಿಯೋರಿಗೆ ತಪ್ಪ ಆಗ್ತಿರ್ತಾವ. ನಾ ಸಂತಿಗೆ ಬಂದಾಗೇ ತಿದ್ದಿಕೊಂಡು ಓದೀನಿ.”

ಅಂಬುಬಾಯಿ ತಲೆಯೆತ್ತಿ ನೋಡಿದಳು. ಬಂಡೆಪ್ಪ ಬೋರ್ಡಿನಲ್ಲಿ ತಪ್ಪು ಇದೆ ಎಂಬುದನ್ನು ಸರಿಯಾಗಿಯೇ ಹಿಡಿದಿದ್ದ. ಯಾವುದು ಎಂಬುದೊಂದು ಮಾತ್ರ ತಪ್ಪಿತ್ತು. ಮೇಲೆ ಇಂಗ್ರೇಜಿ ಸಾಲಿನಲ್ಲಿ ಓರೆ ಗೀಟು ಠೀವಿಯಿಂದ ನಿಂತಿತ್ತು. ಕೆಳಗೆ ಕನ್ನಡದಲ್ಲಿ ‘ನೋ’ ಹೋಗಿ ‘ನೊ’ ಉಳಿದಿತ್ತು. ನೊರೆಬಾಯಿಯ ದವಾಖಾನೆ! ಹಾಗಾದರೆ ನೊರೆ ಸುರಿಯುವ ಎತ್ತು ಬರದೆ ಇನ್ನಾರು ಬರಬೇಕು?

ಅದೇ ಹೊತ್ತಿಗೆ ಡಾಕ್ಟರಬಾಯಿ ಗದ್ದಲ ಕೇಳಿ ಹೊರಗೆ ಬಂದಳು. ಕೈ ತೊಳೆಯುತ್ತಿದ್ದವಳು ಹಾಗೇ ಬಂದಿದ್ದಳು. ಮೊಣಕೈ ತನಕ ಸಾಬೂನಿನ ನೊರೆ.

“ನೋಡ್ರಿ!” ಎಂದ ಬಂಡೆಪ್ಪ. ಇನ್ನು ಯಾವ ಮಾತೂ ನಡೆಯುವಂತಿರಲಿಲ್ಲ.

ಡಾಕ್ಟರಬಾಯಿ ಬಯ್ಯುತ್ತಾಳೆ ಎಂದು ಅಂಬುಬಾಯಿ ಅಂದುಕೊಂಡಳು. ಅವಳು ಎತ್ತಿನ ಹತ್ತಿರ ಹೋಗಿ ಅದರ ಹಣೆಗೆ ಹಣೆ ಹಚ್ಚಿ ನಿಂತಳು. ಅವಳ ಅಜ್ಜನ ಊರಲ್ಲಿಯೂ ದನಗಳಿದ್ದವು. ಪಟಿಕದ ನೀರು ತರಿಸಿ ಎತ್ತಿನ ಬಾಯಿಯ ಹುಣ್ಣು ತೊಳೆದಳು, ಗೊರಸು ತೊಳೆದಳು, ನಾಲಗೆಗೆ ಜೇನು ಸವರಿದಳು. ಅಷ್ಟು ಹೊತ್ತೂ ತನ್ನ ಸ್ವಂತ ಮಾತಿನಲ್ಲಿ ಅದರ ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು. ಅದರಲ್ಲಿ ಎಲ್ಲ ಹ್ರಸ್ವ ಹ್ರಸ್ವವಾಗಿ, ಎಲ್ಲ ದೀರ್ಘ ದೀರ್ಘವಾಗಿ ಇದ್ದಿರಬೇಕು. ಎತ್ತು ಕದಲದೆ ನಿಂತು ಕೇಳಿತು.

ಬಂಡಿಯಲ್ಲಿ ಬಂಡೆಪ್ಪನ ಹೆಂಡತಿ ಮೀರಾಬಾಯಿ ಕೂತಿದ್ದಳು. ಅವಳ ಪಕ್ಕದಲ್ಲಿ ತುಂಬು ಬಸುರಿ ಸೊಸೆ ಸುಗಲಾ. ಮನೆಯಲ್ಲಿ ಒಬ್ಬಳನ್ನೇ ಬಿಡಬಾರದೆಂದು ಕರೆತಂದಿದ್ದರು, ತೋರಿಸಲೆಂದು ಅಲ್ಲ. ಮೀರಾಬಾಯಿ ಗಲ್ಲಕ್ಕೆ ಕೈ ಹಚ್ಚಿ ಎಲ್ಲವನ್ನೂ ನೋಡಿದಳು.

“ಏನs ಸುಗಲಾ, ಎತ್ತಿನ ಬಾಯಾಗ ಕೈ ಇಟ್ಟು ಹೊಲಸ ಅನ್ನಲಿಲ್ಲ ಆಕಿ. ಹಿಂಥಾಕಿ ನಿನ್ನ ಕುದಸ್ತಾಳ?”

“ಕುದಸಿದ್ರ ನೀವ್ ಬಿಡಸ್ಕೋರಿ ಅತ್ತಿ,” ಎಂದಳು ಸುಗಲಾ.

“ನೋಡೂಣು ಇಳಿ. ಇವತ್ತ ನೀ ಮಾಡಿದ ಪಲ್ಯದ ಮ್ಯಾಲ ಅದ ಅದು.”

ಡಾಕ್ಟರಬಾಯಿ ಸುಗಲಾಳ ಊದಿದ ಪಾದ ನೋಡಿ, ಮಾತಿಲ್ಲದೆ ತಾನು ಕೂಡುವ ಸ್ಟೂಲನ್ನು ಅವಳ ಕಾಲ ಕೆಳಗೆ ಸರಿಸಿದಳು. ಬಹಳ ದಿನಗಳ ಮೇಲೆ ಆ ದವಾಖಾನೆಗೆ ಒಬ್ಬ ಸೊಸೆ ಬಂದಂತಾಯಿತು.

ಅಲ್ಲಾಬಕ್ಷನನ್ನು ಕರೆಸಿ ಕೇಳಿದರೆ ಅವನು ನೊಂದುಕೊಂಡ.

“ನಾ ಏನ್ ತಪ್ಪ ಮಾಡೀನಿ ಬೇಟಿ? ನೀ ಕೆಳಗ ಒಂದ ಬಾಲ ಬರದಿಟ್ಟು ಹೋದಿ. ಬಾಯಿ ಬಂದು, ದಿರ್ಗ ಇಲ್ಲಿ ಬೇಕು, ದಿರ್ಗ ಮ್ಯಾಲ ಬೇಕು, ಅಂತ ಇಂಗ್ರೇಜಿ ಹರಫದ ತಲಿ ಮ್ಯಾಲ ಬೆರಳಿಟ್ರು. ಇದೇ ದಿರ್ಗ ಅಲ್ಲೇನ್ರಿ ಅಂತ ಬಾಲಾ ತೋರಿಸಿ ಕೇಳಿದೆ. ಹೌದು, ಇದೇ, ಇದೇ, ಅಂದ್ರು. ಅದಕ್ಕ ಕೆಳಗಿಂದು ತಗದು ಮ್ಯಾಲ ಇಟ್ಟೆ. ಜಬರ್ ಅಂದ ಮ್ಯಾಲ ಮ್ಯಾಲೇ ಇರಬೇಕಲ್ಲ?”

ಉರ್ದುವಿನಲ್ಲಿ ಹರಫ ಎಂದರೆ ಅಕ್ಷರ; ಅದರ ತಲೆಯ ಮೇಲೆ ಇಡುವ ಓರೆ ಗೀಟಿಗೆ ಜಬರ್ ಎನ್ನುತ್ತಾರೆ. ದೀರ್ಘ ಎಂಬ ಶಬ್ದವನ್ನು ಡಾಕ್ಟರಬಾಯಿಗೆ ಕಲಿಸಿದವಳು ಅಂಬುಬಾಯಿ; ಎರಡು ಭಾಷೆಯದೂ ಒಂದೇ ಎಂದವಳು ಡಾಕ್ಟರಬಾಯಿ. ಒಂದೇ ಎಂದ ಮೇಲೆ ಎರಡು ಯಾಕೆ ಎಂದು ಅಲ್ಲಾಬಕ್ಷ ಒಂದನ್ನೇ ಇಟ್ಟಿದ್ದ. ಅವನ ತರ್ಕದಲ್ಲಿ ಬಿರುಕು ಹುಡುಕಲು ಅವಳಿಗೆ ಆಗಲಿಲ್ಲ.

ಆಮೇಲಿನ ದಿನಗಳಲ್ಲಿ ಬಂಡೆಪ್ಪನ ಎತ್ತು ಮೇವು ತಿನ್ನತೊಡಗಿತು. ಆ ಕಾಲುಬಾಯಿ ಬೇನೆ ಹೇಗೂ ತಾನಾಗಿ ಇಳಿಯುವಂಥದು, ಆದರೆ ಹೆಸರು ನೊರಿಬಾಯಿಗೆ ಬಂತು. ಹಳ್ಳಿಹಳ್ಳಿಯಿಂದ ಬಂಡಿಗಳು ಬಂದವು. ಹೆಂಡತಿಗೆ ಬೇನೆ ಎಂದರೆ “ನಾಳಿ ನೋಡೂಣು” ಎನ್ನುತ್ತಿದ್ದ ಗಂಡಸರು ಎತ್ತಿನ ಬಾಯಲ್ಲಿ ನೊರೆ ಕಂಡ ಗಳಿಗೆಗೇ ಬಂಡಿ ಹೂಡುತ್ತಿದ್ದರು. ಹೆಂಗಸರು ಇದನ್ನು ಬೇಗ ತಿಳಿದುಕೊಂಡರು. ಬಂಡಿಯ ಹಿಂದೆ ಎತ್ತು, ಬಂಡಿಯೊಳಗೆ ಸೊಸೆ. ಬೇನೆಯಿಲ್ಲದ ಎತ್ತಿನ ಬಾಯಿಗೆ ಮಜ್ಜಿಗೆ ಸವರಿ, “ನೊರಿ ಬಂದದ ನೋಡ್ರಿ” ಎಂದು ಗಂಡನನ್ನು ಎಬ್ಬಿಸಿದವಳೂ ಒಬ್ಬಳಿದ್ದಳಂತೆ. ಅವಳು ಆ ದವಾಖಾನೆಯಲ್ಲೇ ಹೆತ್ತಳು.

ಬೆಂಚಿನ ಮೇಲೆ ಕೋಳಿಗೆ ಜಾಗ ಉಳಿಯಲಿಲ್ಲ.

ಆದರೆ ಅಂಬುಬಾಯಿ ಮಾಸ್ತರರ ಮಗಳು. ಪ್ರತಿ ಮುಂಜಾನೆ ಕಸ ಗುಡಿಸುವಾಗ ಆ ‘ನೊ’ ಅವಳ ಕಣ್ಣಲ್ಲಿ ಕಸದ ಹಾಗೆ ಚುಚ್ಚುತ್ತಿತ್ತು. ಡಾಕ್ಟರಬಾಯಿಗೂ ಜನ ತನ್ನನ್ನು ನೊರಿ ಎಂದು ಕರೆಯುತ್ತಾರೆ ಎಂದು ಗೊತ್ತಾಗಿ, ಹಡಗಿನ ಗುಮಾಸ್ತನ ನೆನಪಾಯಿತು. ಇಬ್ಬರೂ ಸೇರಿ ಅಲ್ಲಾಬಕ್ಷನಿಂದ ಕನ್ನಡದ ಸಾಲಿಗೆ ದೀರ್ಘ ಹಾಕಿಸಿದರು. “ಈಗ ಎರಡ ಆದ್ವು. ಆಮ್ಯಾಲ ಮತ್ತ ಕೇಳಬ್ಯಾಡ್ರಿ,” ಎಂದು ಅವನು ಬ್ರಶ್ಶು ಒರೆಸಿಕೊಂಡು ಹೋದ.

ಮರುವಾರ ಬಂಡಿಗಳು ಕಡಿಮೆಯಾದವು. ಅದರ ಮುಂದಿನ ವಾರ ನಿಂತೇ ಹೋದವು. ಕೋಳಿ ತಿರುಗಿ ಬಂತು.

ಅಂಬುಬಾಯಿ ಬಜಾರದಲ್ಲಿ ಬಂಡೆಪ್ಪನನ್ನು ಕಂಡು ಕೇಳಿದಳು. “ಅಣ್ಣಾ, ಯಾಕ ಬರವಲ್ರಿ? ಸುಗಲಾಗ ದಿನಾ ಹತ್ರ ಬಂದಾವಲ್ಲ?”

ಬಂಡೆಪ್ಪ ಮರುಗಿದ. “ಬಂದಿದ್ವಿ ಯಕ್ಕಾ. ಬೋರ್ಡ ಓದಿ ಬಂಡಿ ತಿರುವಿದೆ. ನೊರಿಬಾಯಿ ಹ್ವಾದ್ಲಲ್ಲ. ಯಾರೋ ನೋರಾಬಾಯಿ ಅಂತ ಬಂದಾಳ, ಆಕಿ ಹ್ಯಾಂಗೋ ಏನೋ. ಊರಾಗೆಲ್ಲ ಹೇಳೀನಿ.”

“ಇಬ್ರೂ ಒಬ್ಬಾಕಿನೇ ಅಣ್ಣಾ! ಒಂದ ದೀರ್ಘ ಅಷ್ಟೇ...”

“ಅಷ್ಟೇ ಅಂದ್ರ?” ಬಂಡೆಪ್ಪ ಅವಳನ್ನು ಕನಿಕರದಿಂದ ನೋಡಿದ. “ನೀವು ಸಾಲಿ ಕಲ್ತಿಲ್ಲ ಕಾಣಸ್ತದ. ನಮ್ಮ ಮಾಸ್ತರ ಬಡಕೊಂಡು ಹೇಳಿದ್ರು, ದೀರ್ಘ ಬಂದ್ರ ಅರ್ಥಾನೇ ಬ್ಯಾರೆ ಅಂತ. ನಾ ಎಲ್ಲಾ ಮರತೀನಿ, ಅದೊಂದು ಮರತಿಲ್ಲ.”

ಅಂಬುಬಾಯಿ ಬರಿಗೈಯಲ್ಲಿ ತಿರುಗಿ ಬಂದು ಬೋರ್ಡಿನ ಕೆಳಗೆ ಕೂತಳು. ದೀಪಾವಳಿಗೆ ಊರಲ್ಲಿ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಸಾಹೇಬರು ಬರುವ ದಿನ ದೂರವಿರಲಿಲ್ಲ. ಡಾಕ್ಟರಬಾಯಿ ಬಂದು ಪಕ್ಕದಲ್ಲಿ ಕೂತಳು. ಎಲ್ಲ ಕೇಳಿ, ತಲೆಯೆತ್ತಿ ಬೋರ್ಡು ನೋಡಿದಳು.

“ಹೆಸರು ನಿಮ್ಮದು ಬಾಯಿ,” ಎಂದಳು ಅಂಬುಬಾಯಿ. “ನಾ ಹ್ಯಾಂಗ ಹೇಳ್ಲಿ.”

“ಹುಲಸೂರದಾಗ ನಿನ್ನ ಏನಂತ ಕರೀತಿದ್ರು?”

“ಕರೀತಿರಲಿಲ್ಲರಿ.”

ಡಾಕ್ಟರಬಾಯಿ ಎದ್ದು ಒಳಗೆ ಹೋಗಿ ಒಂದು ಚಾಕು ತಂದು ಅವಳ ಕೈಯಲ್ಲಿಟ್ಟಳು. “ಮ್ಯಾಲಿಂದು ನನ್ನದು. ಅದು ಇರಲಿ. ಕೆಳಗಿಂದು ಅವರ ಬಾಯಾಗಿಂದು. ಕೆರಿ.”

ಅವಳು ಕನ್ನಡದಲ್ಲಿ ಆಡಿದ ಎಷ್ಟೋ ಮಾತುಗಳಲ್ಲಿ ಹ್ರಸ್ವ ಬೇಕಾದ ಕಡೆಯೇ ಹ್ರಸ್ವ ಬಿದ್ದದ್ದು ಅದೊಂದು.

ಅಂಬುಬಾಯಿ ಸ್ಟೂಲು ಹತ್ತಿ ಕೆರೆದಳು. ಬಣ್ಣ ಚೂರಾಗಿ ಅವಳ ಸೆರಗಿಗೆ ಬಿತ್ತು. ಅದರಡಿಯಲ್ಲಿ, ಅಲ್ಲಾಬಕ್ಷ ಒರೆಸಿದ್ದರೂ, ಅವಳೇ ಬರೆದ ಇದ್ದಿಲಿನ ದೀರ್ಘದ ಮಸುಕು ಗುರುತು ಇನ್ನೂ ಇತ್ತು. ಒದ್ದೆ ಬಟ್ಟೆಯಿಂದ ಅದನ್ನೂ ಒರೆಸಿದಳು. ಹಸಿ ಮರ, ಇದ್ದಿಲು; ಪಡಸಾಲೆಯ ವಾಸನೆ ಏಳತೊಡಗಿತು. ಅವಳು ಉಸಿರು ಬಿಗಿಹಿಡಿದು ಬೇಗ ಬೇಗ ಒರೆಸಿದಳು.

ನೊರಿಬಾಯಿ ತಿರುಗಿ ಬಂದಳೆಂದು ಬಂಡೆಪ್ಪನೇ ಊರೂರಿಗೆ ಸಾರಿದ. ಸಾಹೇಬರು ಬಂದ ದಿನ ಅಂಗಳದಲ್ಲಿ ಬಂಡಿ ನಿಲ್ಲಿಸಲು ಜಾಗವಿರಲಿಲ್ಲ. ಒಳಗೆ ಸುಗಲಾ ಹೆತ್ತ ಹೆಣ್ಣು ಕೂಸು ಅಳುತ್ತಿತ್ತು. ಹೊರಗೆ ಒಂದು ಎತ್ತು ಸಾಹೇಬರ ಟೋಪಿಯನ್ನು ಮೂಸಿ ನೊರೆ ಹಚ್ಚಿತು. ಅವರು ಸಜ್ಜನರು, ಟೋಪಿ ಒರೆಸಿಕೊಂಡು, ದವಾಖಾನೆ ಮುಂದುವರಿಯಲಿ ಎಂದರು. ಹೊರಡುವಾಗ ಬೋರ್ಡು ನೋಡಿ ಮೆಚ್ಚಿದರು.

“ಒಂದೇ ಕೊರತೆ,” ಎಂದರು. “ಇಂಗ್ರೇಜಿ ಅಕ್ಷರದ ಮೇಲೆ ಬಣ್ಣ ಸಿಡಿದಿದೆ. ಒರೆಸಿಬಿಡಿ.”

ಡಾಕ್ಟರಬಾಯಿ ಅವರಿಗೆ ಏನು ಹೇಳಿದಳೋ ಅಂಬುಬಾಯಿಗೆ ತಿಳಿಯಲಿಲ್ಲ. ಸಾಹೇಬರು ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಮೋಟಾರು ಹತ್ತಿದರು. ಗೀಟು ಉಳಿಯಿತು.

ಹಬ್ಬ ಕಳೆದು ಬಿಸಿಲು ಎಳೆಯದಾಗಿದ್ದ ಒಂದು ದಿನ, ಘಾಳಯ್ಯ ಮಾಸ್ತರರು ಕಲ್ಯಾಣಿಯ ಮೋಟಾರಿನಿಂದ ಇಳಿದರು. ಜ್ವರದಿಂದ ಸಣ್ಣಗಾಗಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟೆಯ ಗಂಟು. ಅಂಬುಬಾಯಿ ಕಿಟಕಿಯಿಂದ ಕಂಡು ಓಡಿ ಬಂದಳು. ಅಷ್ಟರಲ್ಲಿ ಅವರು ಬೋರ್ಡಿನ ಮುಂದೆ ನಿಂತಿದ್ದರು. ತುಟಿ ಅಲುಗುತ್ತಿತ್ತು. ಕನ್ನಡ ಸಾಲಿನ ಮೊದಲ ಅಕ್ಷರಕ್ಕೆ ಬಂದು ತುಟಿ ನಿಂತಿತು.

“ದೀರ್ಘ ಎಲ್ಲದ?”

ಸುಳ್ಳು ಹೇಳಬಹುದಿತ್ತು. ಅಲ್ಲಾಬಕ್ಷನ ಹೆಸರು ನಾಲಗೆಯ ತುದಿಗೆ ಬಂದಿತ್ತು ಕೂಡ.

“ನಾನೇ ತಗದೀನ್ರಿ ಅಪ್ಪ. ಚಾಕು ತಗೊಂಡು ಕೆರದೀನಿ. ಅದು ಇದ್ರ ಯಾರೂ ಬರವಲ್ಲರು. ಯಾರೂ ಬರಲಿಲ್ಲ ಅಂದ್ರ ನಾ ಹುಲಸೂರಿಗೆ...”

ಅವಳು ಅವರ ಕೈಯ ಗಂಟನ್ನು ನೋಡಿದಳು. ಇವತ್ತಿನ ಊಟ ಹೋಯಿತು ಎಂದುಕೊಂಡಳು. ಸಣ್ಣಗಾದ ಈ ದೇಹಕ್ಕೆ ಒಂದು ಹೊತ್ತಿನ ಉಪವಾಸ ಎಷ್ಟು ಭಾರ ಎಂದೂ ಅನಿಸಿತು.

ಆಗ ಒಂದು ಬಂಡಿ ಬಂದು ನಿಂತಿತು. ಹಿಂದೆ ಎತ್ತಿರಲಿಲ್ಲ, ಒಳಗೆ ಒಬ್ಬ ಹೆಂಗಸು ಮಾತ್ರ, ಬೆನ್ನು ಹಿಡಿದುಕೊಂಡು ಕೂತಿದ್ದಳು. ಮುಖದ ತುಂಬ ಬೆವರು. ಮಾಸ್ತರರ ಹಣೆಯ ವಿಭೂತಿ ನೋಡಿ ಅವರನ್ನೇ ಕೇಳಿದಳು.

“ಅಯ್ನೋರ, ನೊರಿಬಾಯಿ ದವಾಖಾನಿ ಎಲ್ಲದರಿ?”

ಮಾಸ್ತರರು ಅವಳನ್ನು ನೋಡಿದರು. ಮಗಳನ್ನು ನೋಡಿದರು. ಬೋರ್ಡನ್ನು ಮಾತ್ರ ನೋಡಲಿಲ್ಲ.

“ಇದೇ ತಂಗಿ,” ಎಂದರು ಸ್ಪಷ್ಟವಾಗಿ, ಪಾಠ ಹೇಳುವ ದನಿಯಲ್ಲಿ. “ನೊರಿಬಾಯಿ. ನೊರಿಬಾಯಿ ದವಾಖಾನಿ. ಒಳಗ ಹೋಗವ್ವ, ಹೆದರಬ್ಯಾಡ.”

ಅಂಬುಬಾಯಿ ಆ ಹೆಂಗಸನ್ನು ಒಳಗೆ ಡಾಕ್ಟರಬಾಯಿಗೆ ಒಪ್ಪಿಸಿ ತಿರುಗಿ ಬಂದಾಗ ಅವರು ಕಟ್ಟೆಯ ಮೇಲೆ ಕೂತಿದ್ದರು. ಗಂಟು ಬಿಚ್ಚಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮುತ್ತುಗದ ಎಲೆಯ ಮೇಲೆ ಎರಡು ಪಾಲು ಮಾಡಿದ್ದರು. ಒಂದನ್ನು ತಮ್ಮ ಮುಂದೆ ಇಟ್ಟುಕೊಂಡು, ಇನ್ನೊಂದನ್ನು ಅವಳ ಕೈಗೆ ಕೊಟ್ಟರು.